ಸಂಜೆಯಾದರೂ ಒಣಗದ ಲೆನ್ಸ್: ಸಾಫ್ಟ್ ಕಾಂಟ್ಯಾಕ್ಟ್ ಲೆನ್ಸಿನ ಮೇಲ್ಮೈಯಲ್ಲಿ ತೇವ ನಿಲ್ಲಿಸುವುದು ಹೇಗೆ

ಬೆಳಗ್ಗೆ ಹಾಕಿದಾಗ ಕಣ್ಣಲ್ಲಿ ಇದೆಯೋ ಇಲ್ಲವೋ ಅನ್ನಿಸುವ ಲೆನ್ಸ್, ಮಧ್ಯಾಹ್ನ ಮೂರರ ಹೊತ್ತಿಗೆ ಕರಕರ ಅನ್ನಲು ಶುರುವಾಗುತ್ತದೆ. ಕಂಪ್ಯೂಟರ್ ಪರದೆಯ ಅಕ್ಷರ ಮಂಜಾಗುತ್ತದೆ, ಒಮ್ಮೆ ಕಣ್ಣು ಮಿಟುಕಿಸಿದರೆ ಸರಿಹೋಗುತ್ತದೆ, ಮತ್ತೆ ಮಂಜಾಗುತ್ತದೆ. ಹೆಚ್ಚಿನವರು ಆಗ ಮಾಡುವುದು ಎರಡು ಕೆಲಸ: ಮೆಡಿಕಲ್ ಸ್ಟೋರಿನಿಂದ ಡ್ರಾಪ್ಸ್ ತರುವುದು, ಇಲ್ಲವೇ ‘ನೀರಿನಂಶ ಜಾಸ್ತಿ ಇರುವ ಲೆನ್ಸ್ ಕೊಡಿ’ ಎಂದು ಅಂಗಡಿಯಲ್ಲಿ ಕೇಳುವುದು. ಡ್ರಾಪ್ಸ್ ಕೊನೆಗೆ ಬರಬೇಕಾದ ಉಪಾಯ. ನೀರಿನಂಶದ ಲೆಕ್ಕವಂತೂ ದಾರಿ ತಪ್ಪಿಸುತ್ತದೆ.

ಲೆನ್ಸಿನ ಒಳಗೆ ಎಷ್ಟು ನೀರಿದೆ ಎಂಬುದು ಒಂದು ವಿಷಯ, ಅದರ ಮೇಲೆ ಕಣ್ಣೀರು ಹರಡಿ ನಿಲ್ಲುತ್ತದೆಯೇ ಎಂಬುದು ಬೇರೆಯೇ ವಿಷಯ. ಕೆಸುವಿನ ಎಲೆಯ ಒಳಗೂ ತುಂಬ ನೀರಿದೆ, ಆದರೆ ಮೇಲೆ ಬಿದ್ದ ಹನಿ ಮುತ್ತಾಗಿ ಉರುಳಿ ಹೋಗುತ್ತದೆ. ಒದ್ದೆ ಬಟ್ಟೆಯಲ್ಲಿ ಒರೆಸಿದ ಸ್ಲೇಟಿನ ಒಳಗೆ ನೀರೇ ಇಲ್ಲ, ಆದರೂ ಮೇಲ್ಮೈ ಪೂರ್ತಿ ಒದ್ದೆಯಾಗಿ ಹೊಳೆಯುತ್ತದೆ. ಲೆನ್ಸ್ ಸ್ಲೇಟಿನಂತೆ ನಡೆದುಕೊಳ್ಳಬೇಕು. ಕಣ್ಣೀರಿನ ಪೊರೆಯ ದಪ್ಪ ಸುಮಾರು 3 ಮೈಕ್ರಾನ್, ಅಂದರೆ ತಲೆಗೂದಲಿನ ದಪ್ಪದ ಹೆಚ್ಚುಕಡಿಮೆ ಇಪ್ಪತ್ತರಲ್ಲಿ ಒಂದು ಪಾಲು. ಲೆನ್ಸ್ ಕೂತಾಗ ಈ ಪೊರೆ ಎರಡಾಗಿ ಸೀಳಿ, ಅರ್ಧ ಲೆನ್ಸಿನ ಕೆಳಗೆ, ಅರ್ಧ ಮೇಲೆ ಉಳಿಯುತ್ತದೆ. ಮೇಲೆ ಉಳಿದ ಆ ತೆಳು ಪೊರೆ ಎರಡು ಮಿಟುಕಿನ ನಡುವೆ ಹರಿಯದೆ ನಿಂತರೆ ನೋಟ ತಿಳಿ, ರೆಪ್ಪೆಗೂ ಹಾಯಿ.

ಯಾವ ಲೆನ್ಸ್ ನಿಮ್ಮದು, ಮೊದಲು ಅದನ್ನು ನೋಡಿ

ಡಬ್ಬದ ಬದಿಯಲ್ಲಿ ಸಣ್ಣ ಅಕ್ಷರದಲ್ಲಿ ವಸ್ತುವಿನ ಹೆಸರು ಇರುತ್ತದೆ. ಎಟಾಫಿಲ್ಕಾನ್ ಎ, ಸೆನೊಫಿಲ್ಕಾನ್ ಎ, ಕಾಮ್ಫಿಲ್ಕಾನ್ ಎ, ಲೋಟ್ರಾಫಿಲ್ಕಾನ್ ಬಿ, ಹೀಗೆ. ಅದನ್ನು ಬರೆದಿಟ್ಟುಕೊಳ್ಳಿ, ಮುಂದಿನ ಎಲ್ಲ ತೀರ್ಮಾನವೂ ಅದರ ಮೇಲೆ ನಿಂತಿದೆ.

1961ರಲ್ಲಿ ಪ್ರಾಗ್‌ನ ರಸಾಯನಶಾಸ್ತ್ರಜ್ಞ ಓಟ್ಟೊ ವಿಖ್ಟರ್ಲೆ ಮಕ್ಕಳ ಆಟದ ಮೆಕ್ಯಾನಿಕಲ್ ಸೆಟ್ಟಿನಿಂದ ಕಟ್ಟಿದ ಯಂತ್ರದಲ್ಲಿ ತಿರುಗಿಸಿ ತೆಗೆದ ಮೊದಲ ಮೆತ್ತನೆ ಲೆನ್ಸ್‌ಗಳು ಹೈಡ್ರೊಜೆಲ್‌ನವು. ಅದು ನೀರನ್ನು ಪ್ರೀತಿಸುವ ಪ್ಲಾಸ್ಟಿಕ್. ತೇವದ ತೊಂದರೆ ಅದಕ್ಕೆ ಕಡಿಮೆ, ಆದರೆ ಆಮ್ಲಜನಕ ಬಿಡುವುದೂ ಕಡಿಮೆ. 1999ರಲ್ಲಿ ಬಂದ ಸಿಲಿಕೋನ್ ಹೈಡ್ರೊಜೆಲ್ ಆಮ್ಲಜನಕದ ಕೊರತೆಯನ್ನು ನೀಗಿಸಿತು. ಬದಲಿಗೆ ಹೊಸ ತಲೆನೋವು ತಂದಿತು: ಸಿಲಿಕೋನ್ ನೀರನ್ನು ದೂರ ತಳ್ಳುತ್ತದೆ, ಎಣ್ಣೆಯನ್ನು ಬರಸೆಳೆಯುತ್ತದೆ.

ಇದನ್ನು ತಯಾರಕರು ಬೇರೆಬೇರೆ ದಾರಿಯಲ್ಲಿ ಬಗೆಹರಿಸಿದ್ದಾರೆ. ಲೋಟ್ರಾಫಿಲ್ಕಾನ್ ಲೆನ್ಸ್‌ಗಳಿಗೆ ಪ್ಲಾಸ್ಮಾದಲ್ಲಿ, ಅಂದರೆ ವಿದ್ಯುತ್ ಹಾಯಿಸಿದ ಅನಿಲದಲ್ಲಿ, ಅತಿ ತೆಳುವಾದ ಲೇಪ ಕೊಡುತ್ತಾರೆ. ಸೆನೊಫಿಲ್ಕಾನ್‌ನಲ್ಲಿ ಪೊವಿಡೋನ್ ಎಂಬ ನೀರು ಹಿಡಿಯುವ ಎಳೆಯನ್ನು ಲೆನ್ಸಿನ ಒಳಗೇ ಹೆಣೆದಿರುತ್ತಾರೆ. ಕಾಮ್ಫಿಲ್ಕಾನ್‌ಗೆ ಲೇಪವೂ ಇಲ್ಲ, ಸೇರಿಸಿದ ಎಳೆಯೂ ಇಲ್ಲ, ವಸ್ತುವಿನ ರಚನೆಯಿಂದಲೇ ತೇವ. ದಿನಕ್ಕೊಂದು ಬಳಸುವ ಡೆಲಿಫಿಲ್ಕಾನ್ ಎ ಲೆನ್ಸಿನ ನಡುವೆ ನೀರು 33 ಪ್ರತಿಶತ, ಹೊರಮೈಯಲ್ಲಿ 80ಕ್ಕೂ ಮೇಲೆ. ಹಳೆಯ ಬಗೆಯ ಹೈಡ್ರೊಜೆಲ್ ಆದ ಎಟಾಫಿಲ್ಕಾನ್ ಎ ಲೆನ್ಸಿನಲ್ಲಿ ನೀರು 58 ಪ್ರತಿಶತ. ನೀರು ಹೆಚ್ಚಿದ್ದ ಮಾತ್ರಕ್ಕೆ ಒಣಗುವುದಿಲ್ಲ ಎಂದಲ್ಲ. ಇಂಥ ಲೆನ್ಸ್ ಎ.ಸಿ. ಗಾಳಿಯಲ್ಲಿ ತನ್ನ ನೀರನ್ನು ಬೇಗ ಬಿಟ್ಟುಕೊಟ್ಟು ಬಿಗಿಯಾಗುವುದುಂಟು.

ಸಿಲಿಕೋನ್ ಲೆನ್ಸ್ ಬಳಸುವವರು ಇನ್ನೊಂದು ಸಂಗತಿ ನೆನಪಿಟ್ಟುಕೊಳ್ಳಬೇಕು. ಮೇಲ್ಮೈ ಒದ್ದೆಯಿರುವಷ್ಟು ಹೊತ್ತು ಅದರ ಅಣುಸರಪಳಿಗಳ ನೀರು ಒಲ್ಲದ ತುದಿಗಳು ಒಳಗೆ ಮುಖ ಮಾಡಿ ಅಡಗಿರುತ್ತವೆ. ಮೇಲ್ಮೈ ಒಣಗಿ ಗಾಳಿ ತಾಗಿತೆಂದರೆ ಅವು ಹೊರಕ್ಕೆ ಹೊರಳುತ್ತವೆ. ಆಮೇಲೆ ಅಲ್ಲಿ ನೀರು ಹರಡುವುದು ಕಷ್ಟ, ಕಣ್ಣೀರಿನ ಕೊಬ್ಬು ಅಂಟುವುದು ಸುಲಭ. ಒಮ್ಮೆ ಒಣಗಿದ ಜಾಗವೇ ಮತ್ತೆ ಮತ್ತೆ ಒಣಗುವುದು ಇದೇ ಕಾರಣಕ್ಕೆ. ಆದ್ದರಿಂದ ಒಣಗಿದ ಮೇಲೆ ತೇವ ಮಾಡುವುದಕ್ಕಿಂತ ಒಣಗಲು ಬಿಡದಿರುವುದು ಎಷ್ಟೋ ಸುಲಭ.

ದೋಷ ಲೆನ್ಸಿನದೋ ಕಣ್ಣಿನದೋ: ಮೂರು ಪರೀಕ್ಷೆ

ಮೊದಲನೆಯದು ಕಣ್ಣಲ್ಲಿ ಲೆನ್ಸ್ ಇರುವಾಗಲೇ ಮಾಡುವಂಥದ್ದು. ಗೋಡೆಯ ಕ್ಯಾಲೆಂಡರಿನ ಸಣ್ಣ ಅಕ್ಷರ ನೋಡುತ್ತ, ಒಮ್ಮೆ ಪೂರ್ತಿ ಕಣ್ಣು ಮಿಟುಕಿಸಿ, ಆಮೇಲೆ ಮಿಟುಕಿಸದೆ ಮನಸ್ಸಿನಲ್ಲೇ ಎಣಿಸಿ. ಐದು ಸೆಕೆಂಡ್ ಆಗುವ ಮೊದಲೇ ಅಕ್ಷರ ಕಲಸಿ, ಮಿಟುಕಿಸಿದ ಕೂಡಲೇ ತಿಳಿಯಾದರೆ ಪೊರೆ ಹರಿಯುತ್ತಿದೆ ಎಂದರ್ಥ, ಅಂದರೆ ತೇವದ ತೊಂದರೆ. ಮಿಟುಕಿಸಿದರೂ ಮಂಜು ಹೋಗದಿದ್ದರೆ ಲೆನ್ಸಿನ ಮೇಲೆ ಕೊಳೆ ಕೂತಿರಬಹುದು, ಲೆನ್ಸ್ ಉಲ್ಟಾ ಆಗಿರಬಹುದು, ಇಲ್ಲವೇ ಪವರ್ ಬದಲಾಗಿರಬಹುದು. ಮಿಟುಕಿಸಿದಾಗಲೇ ಮಂಜಾಗಿ, ಕ್ಷಣ ಬಿಟ್ಟು ತಿಳಿಯಾದರೆ ಲೆನ್ಸ್ ಸಡಿಲವಾಗಿ ಜಾರುತ್ತಿದೆ, ಅದಕ್ಕೆ ಫಿಟ್ಟಿಂಗ್ ಪರೀಕ್ಷೆಯೇ ಬೇಕು.

ಎರಡನೆಯದು: ಕರಕರ ಹೆಚ್ಚಾದಾಗ ಲೆನ್ಸ್ ತೆಗೆದು ಕನ್ನಡಕ ಹಾಕಿಕೊಳ್ಳಿ. ಹತ್ತು ಹದಿನೈದು ನಿಮಿಷದಲ್ಲಿ ಕಣ್ಣು ಹಗುರಾದರೆ ದೋಷ ಲೆನ್ಸಿನ ಕಡೆಗೆ ವಾಲುತ್ತದೆ. ಕನ್ನಡಕದ ದಿನವೂ ಇದೇ ಗೋಳು ಇದ್ದರೆ ಕಣ್ಣೇ ಒಣಗುತ್ತಿದೆ, ಲೆನ್ಸನ್ನು ಎಷ್ಟು ತೊಳೆದರೂ ಅದು ನೀಗದು.

ಮೂರನೆಯದು ಕೈಯಲ್ಲಿ ಹಿಡಿದು ನೋಡುವ ಪರೀಕ್ಷೆ. ಇದಕ್ಕೆ ಸ್ಟೆರೈಲ್ ಸಲೈನ್ (ಕ್ರಿಮಿರಹಿತ ಉಪ್ಪುನೀರು) ಬೇಕು, ಲೆನ್ಸ್ ತೊಳೆದು ನೆನೆಸಿಡುವ ಮಲ್ಟಿಪರ್ಪಸ್ ಸೊಲ್ಯೂಷನ್ ಸಾಲದು. ಸೊಲ್ಯೂಷನ್‌ನಲ್ಲೇ ತೇವ ಹಿಡಿಸುವ ಪದಾರ್ಥ ಇರುವುದರಿಂದ ಕೆಟ್ಟ ಲೆನ್ಸೂ ಒಳ್ಳೆಯದರಂತೆ ಕಾಣುತ್ತದೆ. ಲೆನ್ಸನ್ನು ಸಲೈನ್‌ನಲ್ಲಿ ಎರಡೂ ಕಡೆ ಚೆನ್ನಾಗಿ ಜಾಲಿಸಿ, ಅಂಚನ್ನು ಹೆಬ್ಬೆರಳು ತೋರುಬೆರಳಿನ ತುದಿಯಲ್ಲಿ ಮೆಲ್ಲಗೆ ಹಿಡಿದು, ಉಬ್ಬು ಬದಿಯನ್ನು ನಿಮ್ಮ ಕಡೆ ತಿರುಗಿಸಿ. ಟ್ಯೂಬ್‌ಲೈಟಿನ ಬಿಳಿ ಗೆರೆ ಉಬ್ಬಿನ ಮೇಲೆ ಮೂಡುವಂತೆ ಓರೆ ಮಾಡಿ, ಒಮ್ಮೆ ಕೈ ಝಾಡಿಸಿ ಹೆಚ್ಚಿನ ನೀರು ಬೀಳಿಸಿ, ಎಣಿಸಿ. ಚೆನ್ನಾಗಿ ತೇವ ಹಿಡಿಯುವ ಲೆನ್ಸಿನ ಮೇಲೆ ಆ ಗೆರೆ ನುಣುಪಾಗಿಯೇ ಇರುತ್ತದೆ, ನೀರು ಒಂದೇ ಸಮನೆ ತೆಳುವಾಗುತ್ತ ಹೋಗುತ್ತದೆ. ಕೆಟ್ಟದ್ದಾದರೆ ಎರಡು ಮೂರು ಸೆಕೆಂಡಿನಲ್ಲಿ ಗೆರೆಯ ಅಂಚು ಗರಗಸದ ಹಲ್ಲಿನಂತಾಗಿ, ನೀರು ಹಿಂದೆ ಸರಿದು, ಸಣ್ಣ ಹನಿಗಳಾಗಿ ಮುದುಡಿಕೊಳ್ಳುತ್ತದೆ. ಒಂದೇ ಜಾಗದಲ್ಲಿ ನೀರು ಬಿಟ್ಟುಕೊಟ್ಟರೆ ಅಲ್ಲಿ ಬೆರಳಿನ ಜಿಡ್ಡು ಅಥವಾ ಕೊಬ್ಬಿನ ಕಲೆ ಇದೆ. ಮೈಯೆಲ್ಲ ಹನಿಹನಿಯಾದರೆ ಪೂರ್ತಿ ಪದರ ಕೂತಿದೆ, ಇಲ್ಲವೇ ಲೆನ್ಸಿನ ಆಯಸ್ಸು ಮುಗಿದಿದೆ. ಇದೇ ಕಂಪನಿಯ ಹೊಸ ಲೆನ್ಸ್ ಬಿಚ್ಚುವ ದಿನ ಅದನ್ನೂ ಹೀಗೇ ನೋಡಿಟ್ಟುಕೊಂಡಿದ್ದರೆ ಹೋಲಿಸಲು ಆಧಾರ ಸಿಗುತ್ತದೆ. ಒಂದು ಬಗೆಯ ಲೆನ್ಸನ್ನು ಇನ್ನೊಂದರ ಜೊತೆ ಹೋಲಿಸಬೇಡಿ. ಪರೀಕ್ಷೆ ಮುಗಿದ ಮೇಲೆ ಮತ್ತೆ ಬಳಸುವ ಲೆನ್ಸನ್ನು ನೇರ ಕಣ್ಣಿಗೆ ಹಾಕಬೇಡಿ. ತೊಳೆದು ಸೊಲ್ಯೂಷನ್‌ನಲ್ಲಿ ಪೂರ್ತಿ ಅವಧಿ ನೆನೆಸಿ. ದಿನಕ್ಕೊಂದು ಬಳಸುವ ಲೆನ್ಸ್ ಆದರೆ ನೋಡಿ ಎಸೆಯಿರಿ.

ಕೈ: ಎಲ್ಲಕ್ಕಿಂತ ಹೆಚ್ಚು ಲೆನ್ಸ್ ಕೆಡಿಸುವುದು ಇದೇ

ಲೆನ್ಸ್ ಹಾಕುವಾಗ ಅದು ತೋರುಬೆರಳಿನ ಮೇಲೆ ಬಟ್ಟಲಿನಂತೆ ಕೂತಿರುತ್ತದೆ. ಬೆರಳು ತಾಗಿರುವುದು ಲೆನ್ಸಿನ ಹೊರಮೈಗೆ, ಅದೂ ನಡುಮಧ್ಯಕ್ಕೆ. ಅಂದರೆ ಬೆರಳಿನಲ್ಲಿ ಏನಿದೆಯೋ ಅದು ಸರಿಯಾಗಿ ನಿಮ್ಮ ಪಾಪೆಯ ಮುಂದೆ, ರೆಪ್ಪೆ ಉಜ್ಜುವ ಬದಿಗೇ ಅಂಟುತ್ತದೆ. ಮೂರು ಮೈಕ್ರಾನ್ ಪೊರೆಗೆ ಅಷ್ಟು ಜಿಡ್ಡು ಧಾರಾಳ ಸಾಕು.

ತಲೆಗೆ ಕೊಬ್ಬರಿ ಎಣ್ಣೆ ಹಚ್ಚಿದ ಕೈ ಒಂದು ಸಲದ ಸಾಬೂನಿಗೆ ಶುದ್ಧವಾಗುವುದಿಲ್ಲ. ಒಗ್ಗರಣೆ ಹಾಕಿದ, ತುಪ್ಪ ಕಲಸಿದ ಕೈಗೂ ಇದೇ ಮಾತು. ಎರಡು ಸಲ ತೊಳೆಯಿರಿ. ತೊಳೆದ ಮೇಲೆ ಬೆರಳಿನ ಬೆನ್ನಿಂದ ಅಂಗೈ ಸವರಿದರೆ ಕಿರ್ರೆನ್ನಬೇಕು, ಜಾರಿದರೆ ಜಿಡ್ಡು ಇನ್ನೂ ಇದೆ. ಸಾಬೂನು ಕೂಡ ಸಾದಾ ಇರಲಿ. ‘ಮಾಯಿಶ್ಚರೈಸಿಂಗ್’ ಎಂದು ಬರೆದ ಸಾಬೂನು, ಹ್ಯಾಂಡ್‌ವಾಶ್‌ಗಳಲ್ಲಿ ಕ್ರೀಮ್, ಲ್ಯಾನೊಲಿನ್‌ನಂಥ ಕೊಬ್ಬು ಇರುತ್ತದೆ. ಚರ್ಮಕ್ಕೆ ಒಳ್ಳೆಯದಾದ ಅದೇ ಪದರ ಲೆನ್ಸಿಗೆ ವಿಷವಿದ್ದಂತೆ. ಸ್ಯಾನಿಟೈಸರ್ ಜೆಲ್ ಕೈ ತೊಳೆಯುವುದಕ್ಕೆ ಬದಲಿ ಅಲ್ಲ, ಅದೂ ಪದರ ಬಿಡುತ್ತದೆ, ಕಣ್ಣನ್ನೂ ಉರಿಸುತ್ತದೆ. ಒರೆಸಲು ನೂಲು ಬಿಡದ ಬಟ್ಟೆ ಬಳಸಿ, ಕೈ ಪೂರ್ತಿ ಒಣಗಲಿ. ಲೆನ್ಸ್ ಯಾವಾಗಲೂ ಹೆಚ್ಚು ಒದ್ದೆ ಇರುವ ಕಡೆಗೆ ಅಂಟುತ್ತದೆ. ಬೆರಳು ಒಣಗಿದ್ದು ಲೆನ್ಸ್ ಒದ್ದೆಯಿದ್ದರೆ ಮೊದಲ ಸಲಕ್ಕೇ ಕಣ್ಣಿಗೆ ಕೂರುತ್ತದೆ, ನಾಲ್ಕು ಸಲ ತಿರುಗಿಸಿ ಮುರುಗಿಸಿ ಮುಟ್ಟುವ ಪ್ರಮೇಯ ಬರುವುದಿಲ್ಲ.

ಕಾಡಿಗೆ, ಕ್ರೀಮು, ಸನ್‌ಸ್ಕ್ರೀನ್ ಎಲ್ಲ ಲೆನ್ಸ್ ಹಾಕಿದ ಮೇಲೆ. ಸಂಜೆ ಲೆನ್ಸ್ ತೆಗೆದ ಮೇಲೆ ಮೇಕಪ್ ಒರೆಸಿ. ಮದುವೆ ಮನೆಯ ಮೇಕಪ್ಪಿಗೂ ಇದೇ ಕ್ರಮ. ಕಾಡಿಗೆಯನ್ನು ರೆಪ್ಪೆಯ ಒಳ ಅಂಚಿಗೆ ಎಳೆಯುವ ರೂಢಿ ನಮ್ಮಲ್ಲಿದೆ. ಕಣ್ಣೀರಿಗೆ ಎಣ್ಣೆ ಒದಗಿಸುವ ಗ್ರಂಥಿಗಳ ಬಾಯಿ ಇರುವುದು ಆ ಅಂಚಿನಲ್ಲೇ. ಲೆನ್ಸ್ ಹಾಕುವ ದಿನ ಅದನ್ನು ರೆಪ್ಪೆಗೂದಲಿನ ಹೊರಬದಿಗಷ್ಟೇ ಹಚ್ಚಿ.

ಉಜ್ಜಿ ತೊಳೆಯುವ ಕ್ರಮ

ಬಾಟಲಿಯ ಮೇಲೆ ‘ನೋ ರಬ್’ ಎಂದು ಬರೆದಿದ್ದರೂ ಉಜ್ಜಿ. ನೆನೆಸಿಟ್ಟರೆ ಕ್ರಿಮಿ ಸಾಯಬಹುದು, ಆದರೆ ಅಂಟಿದ ಕೊಬ್ಬು ತಾನಾಗಿ ಏಳುವುದಿಲ್ಲ. ಉಜ್ಜಬೇಕಾದದ್ದು ರಾತ್ರಿ ತೆಗೆದ ತಕ್ಷಣ. ಆಗ ಕೊಳೆ ಇನ್ನೂ ಹಸಿಯಾಗಿರುತ್ತದೆ.

1. ಯಾವಾಗಲೂ ಬಲಗಣ್ಣಿನದೇ ಮೊದಲು. ಲೆನ್ಸನ್ನು ಅಂಗೈಯಲ್ಲಿ ಬಟ್ಟಲಿನಂತೆ ಇಟ್ಟು 3ರಿಂದ 5 ಹನಿ ಸೊಲ್ಯೂಷನ್ ಹಾಕಿ.
2. ತೋರುಬೆರಳಿನ ಮೆತ್ತನೆ ಭಾಗದಿಂದ ನಡುವಿನಿಂದ ಅಂಚಿಗೆ, ಹಿಂದೆ ಮುಂದೆ, 20 ಸೆಕೆಂಡ್ ಉಜ್ಜಿ. ದೋಸೆ ಹಿಟ್ಟು ಹರಡಿದಂತೆ ಸುತ್ತಿ ತಿರುಗಿಸಿದರೆ ಅಂಚು ಮಡಿಚಿ ಹರಿಯುವ ಸಂಭವ ಹೆಚ್ಚು. ಉಗುರು ತಾಗಬಾರದು.
3. ಈಗ ಲೆನ್ಸನ್ನು ಬೋರಲು ಹಾಕಿ, ಉಬ್ಬು ಮೇಲೆ ಬರುವಂತೆ. ಮತ್ತೆ ಎರಡು ಹನಿ ಹಾಕಿ 20 ಸೆಕೆಂಡ್ ಉಜ್ಜಿ.
4. ಬಾಟಲಿಯಿಂದ ಧಾರೆ ಬಿಡುತ್ತ ಒಂದೊಂದು ಬದಿಗೂ ಕನಿಷ್ಠ 5 ಸೆಕೆಂಡ್ ಜಾಲಿಸಿ.
5. ಒಣಗಿಸಿಟ್ಟ ಕೇಸಿಗೆ ಹೊಸ ಸೊಲ್ಯೂಷನ್ ತುಂಬಿ, ಲೆನ್ಸ್ ಪೂರ್ತಿ ಮುಳುಗಲಿ. ಬಾಟಲಿಯ ಮೇಲೆ ಬರೆದಷ್ಟು ಹೊತ್ತು, ಸಾಮಾನ್ಯವಾಗಿ 4ರಿಂದ 6 ಗಂಟೆ, ಬಿಡಿ.

ಮೂರನೆಯ ಹೆಜ್ಜೆಯನ್ನೇ ಬಹಳ ಮಂದಿ ಬಿಡುತ್ತಾರೆ. ಬಟ್ಟಲಿನಂತಿಟ್ಟು ಉಜ್ಜಿದರೆ ಬೆರಳು ತಾಗುವುದು ಒಳಮೈಗೆ ಮಾತ್ರ. ರೆಪ್ಪೆ ಉಜ್ಜುವ, ಕಾಡಿಗೆ ಅಂಟುವ, ಗಾಳಿಗೆ ಒಣಗುವ ಹೊರಮೈ ಅಂಗೈಗೆ ಒತ್ತಿಕೊಂಡು ಹಾಗೇ ಉಳಿಯುತ್ತದೆ. ಹೀಗಾಗಿ ದಿನಾ ತಪ್ಪದೆ ಉಜ್ಜುವವರ ಲೆನ್ಸೂ ಹೊರಮೈಯಲ್ಲಿ ಜಿಡ್ಡಾಗಿರುತ್ತದೆ. ಎರಡು ಹೆಜ್ಜೆಗೆ ಸಮಯ ಇಲ್ಲದ ದಿನ ಹೊರಮೈಯನ್ನಾದರೂ ಉಜ್ಜಿ.

ಪ್ಲಾಸ್ಮಾ ಲೇಪದ ಲೆನ್ಸ್ ಸವೆದುಹೋಗುತ್ತದೇನೋ ಎಂಬ ಅಂಜಿಕೆ ಬೇಡ. ಬೆರಳಿನ ಮೆತ್ತನೆ ಉಜ್ಜುವಿಕೆಗೆ ಅದು ಹೋಗುವುದಿಲ್ಲ. ಪುಡಿಯಂಥ ಕಣಗಳಿರುವ ಗಟ್ಟಿ ಲೆನ್ಸಿನ ಕ್ಲೀನರ್ ಮಾತ್ರ ಸಾಫ್ಟ್ ಲೆನ್ಸಿಗೆ ಮುಟ್ಟಿಸಬೇಡಿ.

ಸೊಲ್ಯೂಷನ್ ಆರಿಸುವುದು

ಲೇಬಲ್‌ನಲ್ಲಿ ಎರಡು ಬಗೆಯ ಪದಾರ್ಥ ಹುಡುಕಿ. ಕ್ರಿಮಿ ಕೊಲ್ಲುವುದಕ್ಕೆ ಪಾಲಿಕ್ವಾಟರ್ನಿಯಮ್-1 ಅಥವಾ ಪಿ.ಎಚ್.ಎಂ.ಬಿ. ಇರುತ್ತದೆ. ತೇವ ಹಿಡಿಸುವುದಕ್ಕೆ ಪೊಲಾಕ್ಸಮರ್, ಪೊಲಾಕ್ಸಮೀನ್, ಹೈಪ್ರೊಮೆಲ್ಲೋಸ್, ಸೋಡಿಯಂ ಹೈಯಲುರೊನೇಟ್ ಇವುಗಳಲ್ಲಿ ಒಂದಾದರೂ ಇರುತ್ತದೆ. ಪೊಲಾಕ್ಸಮರ್ ಜಾತಿಯ ಅಣುವಿಗೆ ಎರಡು ಸ್ವಭಾವ. ನೀರು ಒಲ್ಲದ ಭಾಗ ಸಿಲಿಕೋನನ್ನೋ ಕೊಬ್ಬನ್ನೋ ಕಚ್ಚಿ ಹಿಡಿಯುತ್ತದೆ, ನೀರು ಬೇಕೆನ್ನುವ ಭಾಗ ಹೊರಗೆ ಚಾಚಿ ಕಣ್ಣೀರನ್ನು ಕರೆಯುತ್ತದೆ. ಉಜ್ಜುವಾಗ ಕೊಳೆ ಎಬ್ಬಿಸುವುದೂ ಅದೇ, ನೆನೆಯುವಾಗ ಮೇಲ್ಮೈಗೆ ಅಂಟಿ ತೇವ ಕೊಡುವುದೂ ಅದೇ. ಹೈಯಲುರೊನೇಟ್ ತನ್ನ ಸುತ್ತ ನೀರು ಹಿಡಿದಿಟ್ಟುಕೊಳ್ಳುವ ಉದ್ದ ಎಳೆ. ಇವೆಲ್ಲ ಕಣ್ಣಲ್ಲಿ ಗಂಟೆಗಳ ಲೆಕ್ಕದಲ್ಲಿ ಮೆಲ್ಲಗೆ ತೊಳೆದುಹೋಗುತ್ತವೆ, ಆದ್ದರಿಂದ ರಾತ್ರಿಯ ನೆನೆಸು ಪ್ರತಿದಿನವೂ ಪೂರ್ತಿ ಆಗಬೇಕು.

ಬರೀ ಸಲೈನ್‌ನಲ್ಲಿ ಇವ್ಯಾವುವೂ ಇಲ್ಲ. ಅದು ಜಾಲಿಸುವುದಕ್ಕೆ ಸರಿ, ರಾತ್ರಿ ನೆನೆಸಿಡುವುದಕ್ಕೆ ಅಲ್ಲ.

ಸೊಲ್ಯೂಷನ್ ಬದಲಿಸಿ ನೋಡುವುದಾದರೆ ಹೊಸ ಜೊತೆ ಲೆನ್ಸ್ ತೆರೆಯುವ ದಿನವೇ ಬದಲಿಸಿ, ಕೇಸನ್ನೂ ಹೊಸದು ಮಾಡಿ. ಹಳೆಯ ಲೆನ್ಸಿನಲ್ಲಿ ಹಳೆಯ ಕೊಳೆ ಇರುತ್ತದೆ, ಹೊಸ ಸೊಲ್ಯೂಷನ್ ಒಳ್ಳೆಯದೋ ಕೆಟ್ಟದ್ದೋ ಗೊತ್ತಾಗುವುದಿಲ್ಲ. ಎರಡು ವಾರ ಬೇರೇನನ್ನೂ ಬದಲಿಸದೆ ನೋಡಿ. ಹಾಕಿದ ತಕ್ಷಣ ಉರಿ, ಅಥವಾ ಒಂದೆರಡು ಗಂಟೆ ಕಳೆದು ಪ್ರತಿದಿನ ಕೆಂಪಾಗುವುದು ಕಂಡರೆ ಆ ಲೆನ್ಸಿಗೂ ಆ ಸೊಲ್ಯೂಷನ್‌ಗೂ ಹೊಂದಿಕೆ ಇಲ್ಲ. ಅಂಥವರಿಗೆ ಹೈಡ್ರೋಜನ್ ಪೆರಾಕ್ಸೈಡ್ ಪದ್ಧತಿ ಚೆನ್ನಾಗಿ ಒಗ್ಗುತ್ತದೆ, ಏಕೆಂದರೆ ಲೆನ್ಸಿನಲ್ಲಿ ಯಾವ ಸಂರಕ್ಷಕವೂ ಉಳಿಯುವುದಿಲ್ಲ. ಆದರೆ ಅದರಲ್ಲಿ ಇರುವುದು 3 ಪ್ರತಿಶತ ಪೆರಾಕ್ಸೈಡ್. ಅದರ ಜೊತೆ ಬರುವ ಕೇಸಿನಲ್ಲೇ, ತಳದ ಪ್ಲಾಟಿನಂ ಬಿಲ್ಲೆಯ ಜೊತೆ, ಪೂರ್ತಿ 6 ಗಂಟೆ ಇಟ್ಟ ಮೇಲಷ್ಟೇ ಅದು ನೀರು ಮತ್ತು ಆಮ್ಲಜನಕವಾಗುತ್ತದೆ. ಆತುರಪಟ್ಟು ನಾಲ್ಕು ಗಂಟೆಗೆ ತೆಗೆದರೆ, ಅಥವಾ ಸಾದಾ ಕೇಸಿಗೆ ಹಾಕಿದರೆ, ಕಣ್ಣು ಖಾರದ ಪುಡಿ ಬಿದ್ದಂತೆ ಉರಿದು ಕಾರ್ನಿಯಾ, ಅಂದರೆ ಕಣ್ಣಿನ ಮುಂದಿನ ಪಾರದರ್ಶಕ ಪದರ, ಸುಡಬಹುದು. ಕೆಂಪು ಮುಚ್ಚಳದ ಬಾಟಲಿ ಅಂದರೆ ಅದೇ ಎಚ್ಚರಿಕೆ. ಹಾಗೆ ಆಗಿಹೋದರೆ ಲೆನ್ಸ್ ತೆಗೆದು, ಸಲೈನ್ ಇಲ್ಲವೇ ಶುದ್ಧ ನೀರಿನಿಂದ ಕಣ್ಣನ್ನು ಹದಿನೈದು ನಿಮಿಷ ತೊಳೆದು ವೈದ್ಯರ ಬಳಿ ಹೋಗಿ.

ಕೊಳೆಯ ಬಗೆಯಿಂದಲೂ ದಾರಿ ಬೇರೆಯಾಗುತ್ತದೆ. ಸಿಲಿಕೋನ್ ಲೆನ್ಸಿಗೆ ಹೆಚ್ಚಾಗಿ ಹತ್ತುವುದು ಕೊಬ್ಬು, ಬೆಳಕಿಗೆ ಹಿಡಿದರೆ ಎಣ್ಣೆ ಸವರಿದ ಗಾಜಿನ ಹಾಗೆ ಮಿಣಮಿಣ. ಅದಕ್ಕೆ ಉಜ್ಜುವುದೇ ಮದ್ದು. ಸಾಲದಿದ್ದರೆ ಐಸೊಪ್ರೊಪೈಲ್ ಆಲ್ಕೊಹಾಲ್ ಇರುವ ಪ್ರತ್ಯೇಕ ಸಾಫ್ಟ್ ಲೆನ್ಸ್ ಕ್ಲೀನರ್ ಬರುತ್ತದೆ, ಲೆನ್ಸ್ ಕೊಟ್ಟವರನ್ನು ಕೇಳಿ ಬಳಸಿ, ಬಳಸಿದ ಮೇಲೆ ಧಾರಾಳ ಜಾಲಿಸಿ. ಎಟಾಫಿಲ್ಕಾನ್‌ನಂಥ, ವಿದ್ಯುದಾವೇಶ ಇರುವ, ನೀರು ಹೆಚ್ಚಿರುವ ಲೆನ್ಸಿಗೆ ಕಣ್ಣೀರಿನ ಲೈಸೊಜೈಮ್ ಎಂಬ ಪ್ರೋಟೀನ್ ರಾಶಿ ಸೇರುತ್ತದೆ. ಅದು ಕೆಟ್ಟಾಗ ಬಿಳಿ ಮಸುಕು ಕಾಣುತ್ತದೆ. ವರ್ಷಗಟ್ಟಲೆ ಒಂದೇ ಲೆನ್ಸ್ ಹಾಕುತ್ತಿದ್ದ ಕಾಲದಲ್ಲಿ ಇದಕ್ಕೆ ವಾರಕ್ಕೊಮ್ಮೆ ಎನ್‌ಜೈಮ್ ಮಾತ್ರೆ ಬೇಕೇ ಬೇಕಿತ್ತು. ತಿಂಗಳಿಗೊಮ್ಮೆ ಎಸೆಯುವ ಲೆನ್ಸಿಗೆ ಸಾಮಾನ್ಯವಾಗಿ ಬೇಡ.

ಕೇಸು

ಹಳೆಯ ಸೊಲ್ಯೂಷನ್ ಮೇಲೇ ಒಂದಿಷ್ಟು ಹೊಸದು ಸುರಿಯುವುದು ಅತಿ ಅಪಾಯದ ಉಳಿತಾಯ. ತೇವ ಹೆಚ್ಚಿಸುತ್ತದೆಂದು ಹೆಸರಾಗಿದ್ದ ಒಂದು ಸೊಲ್ಯೂಷನನ್ನು 2006ರಲ್ಲಿ ಜಗತ್ತಿನಾದ್ಯಂತ ಹಿಂದಕ್ಕೆ ಪಡೆಯಬೇಕಾಯಿತು, ಬಳಸಿದವರ ಕಣ್ಣಲ್ಲಿ ಫ್ಯುಸೇರಿಯಮ್ ಎಂಬ ಶಿಲೀಂಧ್ರದ ಸೋಂಕು ಕಂಡದ್ದರಿಂದ. ಕೇಸಿನಲ್ಲಿ ದ್ರವ ಆರುತ್ತ ಬಂದಾಗ ಅದರ ತೇವ ಕೊಡುವ ಪಾಲಿಮರ್‌ಗಳೇ ಪೊರೆಯಾಗಿ ಶಿಲೀಂಧ್ರಕ್ಕೆ ಆಸರೆ ಕೊಟ್ಟವು ಎಂಬುದು ತಜ್ಞರು ಕೊಟ್ಟ ವಿವರಣೆ. ತೇವ ಕೊಡುವ ಪದಾರ್ಥ ಹೆಚ್ಚಿದಷ್ಟೂ ಕೇಸಿನ ಶಿಸ್ತು ಹೆಚ್ಚಬೇಕು. ಬೆಳಗ್ಗೆ ಲೆನ್ಸ್ ತೆಗೆದ ಕೂಡಲೇ ದ್ರವ ಚೆಲ್ಲಿ, ಹೊಸ ಸೊಲ್ಯೂಷನ್‌ನಲ್ಲಿ ಬೆರಳಿನಿಂದ ಕೇಸನ್ನು ಉಜ್ಜಿ ಜಾಲಿಸಿ, ಶುದ್ಧ ಟಿಶ್ಯೂವಿನ ಮೇಲೆ ಮುಚ್ಚಳ ತೆಗೆದು ಬೋರಲು ಹಾಕಿ. ಬಚ್ಚಲುಮನೆಯಲ್ಲಿ ಇಡಬೇಡಿ. ಹೆಚ್ಚೆಂದರೆ ಮೂರು ತಿಂಗಳಿಗೆ ಕೇಸ್ ಬದಲಿಸಿ. ಹೊಸ ಬಾಟಲಿಯ ಜೊತೆ ಹೊಸ ಕೇಸ್ ಬರುವುದೇ ಅದಕ್ಕೆ.

ನಲ್ಲಿ ನೀರು, ಫಿಲ್ಟರ್ ನೀರು, ಕುದಿಸಿ ಆರಿಸಿದ ನೀರು, ಉಪ್ಪು ಕರಗಿಸಿ ಮನೆಯಲ್ಲಿ ಮಾಡಿದ ಸಲೈನ್, ಎಂಜಲು ಯಾವುದೂ ಲೆನ್ಸಿಗಾಗಲಿ ಕೇಸಿಗಾಗಲಿ ತಾಗಬಾರದು. ನೀರಿನಲ್ಲಿರುವ ಅಕಾಂತಮೀಬಾ ಎಂಬ ಸೂಕ್ಷ್ಮಜೀವಿ ಕಣ್ಣಿಗೆ ಹತ್ತಿದರೆ ತಿಂಗಳುಗಟ್ಟಲೆ ಚಿಕಿತ್ಸೆ ಬೇಕು, ದೃಷ್ಟಿಯೇ ಹೋಗಬಹುದು. 1980ರ ದಶಕದ ನಡುವೆ ಅಮೆರಿಕದಲ್ಲಿ ಈ ಸೋಂಕು ಏಕಾಏಕಿ ಏರಿದಾಗ ಬೆರಳು ತೋರಿದ್ದು ಮನೆಯಲ್ಲಿ ಮಾಡಿದ ಸಲೈನ್ ಕಡೆಗೇ. ಲೆನ್ಸ್ ಹಾಕಿಕೊಂಡು ಸ್ನಾನ, ಈಜು ಎರಡೂ ಬೇಡ.

ಹಾಕುವ ಮುಂಚೆ ಒಂದು ಹನಿ

ಬೆಳಗ್ಗೆ ಲೆನ್ಸನ್ನು ಸೊಲ್ಯೂಷನ್‌ನಲ್ಲಿ ಜಾಲಿಸಿ ಬೆರಳಿನ ಮೇಲೆ ಕೂರಿಸಿದ ಮೇಲೆ, ಬಟ್ಟಲಿಗೆ ಒಂದು ಹನಿ, ಒಂದೇ ಹನಿ, ಸಂರಕ್ಷಕ ಇಲ್ಲದ ಲೂಬ್ರಿಕೆಂಟ್ ಡ್ರಾಪ್ಸ್ ಹಾಕಬಹುದು. ಕಾರ್ಬಾಕ್ಸಿಮಿಥೈಲ್ ಸೆಲ್ಯುಲೋಸ್ 0.5 ಪ್ರತಿಶತ, ಅಥವಾ ಸೋಡಿಯಂ ಹೈಯಲುರೊನೇಟ್ 0.1 ಪ್ರತಿಶತ ಸಾಕು. 1 ಪ್ರತಿಶತದ ಗಟ್ಟಿ ಡ್ರಾಪ್ಸ್ ಹಾಕಿದರೆ ಲೆನ್ಸ್ ಜಾರುತ್ತದೆ, ಹತ್ತು ನಿಮಿಷ ಮಂಜು. ಇದರಿಂದ ಮೊದಲ ಕೆಲವು ಗಂಟೆ ಹಾಯಾಗಿರುತ್ತದೆ, ಸಂಜೆಯವರೆಗೆ ಎಳೆದುಕೊಂಡು ಹೋಗುವ ಶಕ್ತಿ ಅದಕ್ಕಿಲ್ಲ.

ಹಗಲಿನಲ್ಲಿ ಬಳಸುವ ಡ್ರಾಪ್ಸ್ ಮೇಲೆ ‘ಲೆನ್ಸ್ ಇರುವಾಗ ಬಳಸಬಹುದು’ ಎಂದು ಬರೆದಿರಬೇಕು. ಬೆನ್ಜಾಲ್ಕೋನಿಯಮ್ ಕ್ಲೋರೈಡ್ ಎಂಬ ಸಂರಕ್ಷಕ ಇರುವ ಡ್ರಾಪ್ಸ್ ಬೇಡವೇ ಬೇಡ. ಸಾಫ್ಟ್ ಲೆನ್ಸ್ ಅದನ್ನು ಹೀರಿಟ್ಟುಕೊಂಡು ದಿನವಿಡೀ ಕಾರ್ನಿಯಾಕ್ಕೆ ಒಸರುತ್ತದೆ. ವೈದ್ಯರು ಅಂಥ ಔಷಧಿ ಬರೆದಿದ್ದರೆ ಹಾಕಿದ ಕನಿಷ್ಠ 15 ನಿಮಿಷದ ಮೇಲೆ ಲೆನ್ಸ್. ಕೆಂಪು ಇಳಿಸುವ ಡ್ರಾಪ್ಸ್, ಹಾಲಿನಂತೆ ಬೆಳ್ಳಗಿರುವ ಎಣ್ಣೆ ಮಿಶ್ರಿತ ಡ್ರಾಪ್ಸ್ ಕೂಡ ಲೆನ್ಸಿನ ಮೇಲೆ ಬೇಡ.

ಹನಿ ಹಾಕುವ ಹೊತ್ತು ಮುಖ್ಯ. ಕರಕರ ಆದ ಮೇಲೆ ಹಾಕುವವರು ಹೆಚ್ಚು, ಅಷ್ಟರಲ್ಲಿ ಮೇಲೆ ಹೇಳಿದಂತೆ ಸಿಲಿಕೋನ್ ತುದಿಗಳು ಹೊರಳಿ ಕೊಬ್ಬು ಕೂತಾಗಿರುತ್ತದೆ. ನಿಮಗೆ ಮೂರು ಗಂಟೆಗೆ ತೊಂದರೆ ಶುರುವಾಗುತ್ತದೆ ಅಂದರೆ ಒಂದೂವರೆಗೇ ಒಂದು ಹನಿ ಹಾಕಿ, ನಾಲ್ಕೈದು ಸಲ ಪೂರ್ತಿ ಮಿಟುಕಿಸಿ. ದಿನಕ್ಕೆ ನಾಲ್ಕು ಸಲಕ್ಕಿಂತ ಹೆಚ್ಚು ಬೇಕಾಗುತ್ತಿದ್ದರೆ ಡ್ರಾಪ್ಸಿನಿಂದ ಬಗೆಹರಿಯುವ ತೊಂದರೆ ಅದಲ್ಲ.

ರೆಪ್ಪೆ, ಮಿಟುಕು, ಗಾಳಿ

ಎಂಥ ಲೆನ್ಸೇ ಇರಲಿ, ತೇವ ಸವರುವ ಬಟ್ಟೆ ರೆಪ್ಪೆಯೇ. ನಿಮಿಷಕ್ಕೆ ಹದಿನೈದರ ಆಸುಪಾಸು ಇರುವ ಮಿಟುಕು ಪರದೆಯ ಮುಂದೆ ಅದರ ಅರ್ಧಕ್ಕೂ ಕೆಳಗಿಳಿಯುತ್ತದೆ. ಇನ್ನೂ ಕೆಟ್ಟದ್ದೆಂದರೆ ಅರೆಮಿಟುಕು: ರೆಪ್ಪೆ ಮುಕ್ಕಾಲು ಇಳಿದು ಮೇಲೆ ಹೋಗುತ್ತದೆ, ಲೆನ್ಸಿನ ಕೆಳಭಾಗಕ್ಕೆ ನೀರೇ ತಾಗುವುದಿಲ್ಲ. ಕೈಯಲ್ಲಿ ಹಿಡಿದು ನೋಡುವ ಪರೀಕ್ಷೆಯಲ್ಲಿ ಲೆನ್ಸಿನ ಒಂದೇ ಪಟ್ಟಿ ಕೊಳೆಯಾಗಿ ಕಂಡರೆ ಇದನ್ನು ಅನುಮಾನಿಸಿ. ಇಪ್ಪತ್ತು ನಿಮಿಷಕ್ಕೊಮ್ಮೆ ಕಣ್ಣು ಮೆಲ್ಲಗೆ ಮುಚ್ಚಿ, ಎರಡು ಎಣಿಸಿ, ತೆರೆಯಿರಿ, ಹೀಗೆ ಐದು ಸಲ. ಪರದೆಯನ್ನು ಕಣ್ಣಿನ ಮಟ್ಟಕ್ಕಿಂತ ತುಸು ಕೆಳಗಿಟ್ಟರೆ ಕಣ್ಣು ಅಷ್ಟು ಅಗಲ ತೆರೆಯುವುದಿಲ್ಲ, ಆರುವ ಜಾಗವೂ ಕಡಿಮೆ.

ಎ.ಸಿ. ಬಸ್ಸಿನಲ್ಲಿ ತಲೆಯ ಮೇಲಿನ ಗಾಳಿಕಂಡಿ ತಿರುಗಿಸಿಬಿಡಿ. ಬೈಕಿನಲ್ಲಿ ಹೆಲ್ಮೆಟ್ಟಿನ ಗಾಜು ಇಳಿಸಿ. ಕಲಬುರಗಿ, ರಾಯಚೂರು ಕಡೆಯ ಏಪ್ರಿಲ್ ಮೇ ಬಿಸಿಗಾಳಿಯಲ್ಲಿ ಕರಾವಳಿಯವರು ಹನ್ನೆರಡು ಗಂಟೆ ಹಾಕುವ ಲೆನ್ಸನ್ನು ಎಂಟೇ ಗಂಟೆಗೆ ಇಳಿಸಬೇಕಾಗಬಹುದು, ಅದು ಲೆನ್ಸಿನ ದೋಷ ಅಲ್ಲ.

ರೆಪ್ಪೆಯ ಅಂಚಿನ ಎಣ್ಣೆ ಗ್ರಂಥಿಗಳು ಕಟ್ಟಿಕೊಂಡವರ ಕಣ್ಣೀರು ಬೇಗ ಆರುತ್ತದೆ. ಬೆಳಗ್ಗೆ ರೆಪ್ಪೆಗೂದಲಿನ ಬುಡದಲ್ಲಿ ನೊರೆ ಅಥವಾ ಹೊಟ್ಟಿನಂಥದ್ದು ಕಂಡರೆ ಇದೇ ಇರಬಹುದು. ಲೆನ್ಸ್ ತೆಗೆದ ಮೇಲೆ, ಸುಮಾರು 40 ಡಿಗ್ರಿ ಬಿಸಿಯ ನೀರಿನಲ್ಲಿ ಅದ್ದಿ ಹಿಂಡಿದ ಬಟ್ಟೆಯನ್ನು ಮುಚ್ಚಿದ ಕಣ್ಣ ಮೇಲೆ 5ರಿಂದ 8 ನಿಮಿಷ ಇಡಿ. ಬಟ್ಟೆ ಎರಡೇ ನಿಮಿಷಕ್ಕೆ ಆರುತ್ತದೆ, ಮತ್ತೆ ಮತ್ತೆ ಅದ್ದಬೇಕು. ಆಮೇಲೆ ಮೇಲಿನ ರೆಪ್ಪೆಯನ್ನು ಮೇಲಿಂದ ಕೆಳಕ್ಕೆ, ಕೆಳಗಿನದನ್ನು ಕೆಳಗಿಂದ ಮೇಲಕ್ಕೆ ಅಂಚಿನ ಕಡೆಗೆ ಮೆಲ್ಲಗೆ ನೀವಿ. ಎರಡು ಮೂರು ವಾರ ದಿನವೂ ಮಾಡಿದರೆ ಫಲ ಕಾಣುತ್ತದೆ. ನೆಗಡಿ ಅಲರ್ಜಿಗೆ ತಿನ್ನುವ ಸೆಟ್ರಿಜಿನ್‌ನಂಥ ಮಾತ್ರೆ, ಮೊಡವೆಗೆ ಕೊಡುವ ಐಸೊಟ್ರೆಟಿನಾಯಿನ್ ಕಣ್ಣು ಒಣಗಿಸುತ್ತವೆ. ವೈದ್ಯರಿಗೆ ತಿಳಿಸಿ, ಕೋರ್ಸ್ ಮುಗಿಯುವವರೆಗೆ ಲೆನ್ಸ್ ಕಡಿಮೆ ಮಾಡಿ.

ಇಷ್ಟಾದರೂ ಒಣಗಿದರೆ

ಮೊದಲು ತಾರೀಖು ನೋಡಿ. ತಿಂಗಳ ಲೆನ್ಸ್ ಅಂದರೆ ಡಬ್ಬಿ ತೆರೆದ ದಿನದಿಂದ 30 ದಿನ, ಹಾಕಿದ ದಿನಗಳ ಲೆಕ್ಕ ಅಲ್ಲ. ಹದಿನೈದು ದಿನ ಕೇಸಿನಲ್ಲೇ ಇದ್ದರೂ ಅವಧಿ ಓಡುತ್ತಿರುತ್ತದೆ. ಮೊದಲ ವಾರ ಹಾಯಾಗಿದ್ದು ಮೂರನೇ ವಾರದಿಂದ ಒಣಗಿದರೆ ಮೇಲ್ಮೈಗೆ ಕೊಳೆ ಕೂರುತ್ತಿದೆ, ಉಜ್ಜುವುದನ್ನು ಬಿಗಿ ಮಾಡಿ ಅಥವಾ ಹದಿನೈದು ದಿನದ್ದಕ್ಕೆ ಬದಲಿಸಿ. ಮೊದಲ ದಿನದಿಂದಲೇ ಒಣಗಿದರೆ ಆ ವಸ್ತುವೇ ನಿಮ್ಮ ಕಣ್ಣಿಗೆ ಒಗ್ಗುತ್ತಿಲ್ಲ, ಒಂದೇ ಕಂಪನಿಯ ಇನ್ನೊಂದು ಹೆಸರಿನದಲ್ಲ, ಬೇರೆ ವಸ್ತುವಿನದು ಕೇಳಿ. ಎಲ್ಲಕ್ಕಿಂತ ಖಚಿತವಾಗಿ ಕೆಲಸ ಮಾಡುವುದು ದಿನಕ್ಕೊಂದು ಲೆನ್ಸ್. ಪ್ರತಿ ಬೆಳಗ್ಗೆ ಹೊಸ ಮೇಲ್ಮೈ, ಕೇಸಿನ ರಗಳೆಯೂ ಇಲ್ಲ. ಖರ್ಚು ಹೆಚ್ಚು ನಿಜ, ಆದರೆ ವಾರಕ್ಕೆ ಮೂರು ದಿನ ಮಾತ್ರ ಹಾಕುವವರು ಸೊಲ್ಯೂಷನ್, ಕೇಸ್, ಡ್ರಾಪ್ಸ್ ಎಲ್ಲ ಕೂಡಿಸಿ ನೋಡಿದರೆ ಅಂತರ ಅಷ್ಟೇನೂ ಇರುವುದಿಲ್ಲ. ದಿನದ ಲೆನ್ಸನ್ನು ತೊಳೆದು ಮರುದಿನ ಹಾಕುವುದು ಮಾತ್ರ ಸಲ್ಲದು.

ಎಷ್ಟೇ ತೇವದ ಲೆನ್ಸಾದರೂ ಹಾಕಿಕೊಂಡು ಮಲಗಬೇಡಿ. ಮಲಗಿದರೆ ಕಾರ್ನಿಯಾ ಸೋಂಕಿನ ಅಪಾಯ 6ರಿಂದ 8 ಪಟ್ಟು ಏರುತ್ತದೆ. ಬೆಳಗ್ಗೆ ಲೆನ್ಸ್ ಕಣ್ಣಿಗೆ ಕಚ್ಚಿಕೊಂಡಿದ್ದರೆ ಎಳೆಯಬೇಡಿ. ಸಲೈನ್ ಅಥವಾ ಲೂಬ್ರಿಕೆಂಟ್ ಮೂರು ನಾಲ್ಕು ಹನಿ ಹಾಕಿ, ಐದು ನಿಮಿಷ ಬಿಟ್ಟು, ಮಿಟುಕಿಸಿದಾಗ ಲೆನ್ಸ್ ಜರುಗುವುದು ಕಂಡ ಮೇಲೆ ತೆಗೆಯಿರಿ.

ನೋವು, ಇಳಿಯದ ಕೆಂಪು, ಬೆಳಕು ನೋಡಲಾಗದಿರುವುದು, ಕಪ್ಪುಗುಡ್ಡೆಯ ಮೇಲೆ ಬಿಳಿ ಚುಕ್ಕೆ, ಗೀಜು, ಕನ್ನಡಕ ಹಾಕಿದರೂ ಹೋಗದ ಮಂಜು ಇವು ಒಣಗುವಿಕೆಯ ಲಕ್ಷಣ ಅಲ್ಲ. ಲೆನ್ಸ್ ತೆಗೆದುಬಿಡಿ, ಮತ್ತೆ ಹಾಕಬೇಡಿ, ಅದೇ ದಿನ ಕಣ್ಣಿನ ವೈದ್ಯರನ್ನು ಕಾಣಿ. ಹೋಗುವಾಗ ತೆಗೆದ ಲೆನ್ಸನ್ನೂ ಕೇಸನ್ನೂ ತೊಳೆಯದೆ, ಒಳಗಿನ ದ್ರವ ಚೆಲ್ಲದೆ, ಹಾಗೆಯೇ ತೆಗೆದುಕೊಂಡು ಹೋಗಿ. ಯಾವ ಕ್ರಿಮಿ ಎಂದು ಪ್ರಯೋಗಾಲಯದಲ್ಲಿ ಬೆಳೆಸಿ ನೋಡಲು ಅದು ಬೇಕಾಗುತ್ತದೆ.